ಸ್ಟೀವನ್ಸ್ ಬೇಕಾ, ಲಿಡ್‌ಸ್ಟ್ರಾಮ್ ಬೇಕಾ?

ಕನಸಿನ ಐಸ್ ಹಾಕಿ ತಂಡ ಕಟ್ಟುತ್ತಿದ್ದೀರಾ? ಡಿಫೆನ್ಸ್‌ಗೆ ಒಬ್ಬರನ್ನೇ ಆರಿಸಬೇಕಾ?

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೆ ನಾಯಕರಾಗಿದ್ದ ಸ್ಕಾಟ್ ಸ್ಟೀವನ್ಸ್ ಅಂದರೆ ಭಯ. ತಲೆ ತಗ್ಗಿಸಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ನೋಡುತ್ತಾ ಬಂದವರಿಗೆ ಭುಜದ ಗುದ್ದು ಗ್ಯಾರಂಟಿ. 2000ರ ಪ್ಲೇಆಫ್‌ನಲ್ಲಿ (ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತುಗಳಲ್ಲಿ) ಎದುರಾಳಿ ಫಿಲಡೆಲ್ಫಿಯಾ ತಂಡದ ತಾರೆ ಎರಿಕ್ ಲಿಂಡ್ರೋಸ್ ಹಾಗೇ ಬಿದ್ದರು. ಆ ವರ್ಷ ಸ್ಟಾನ್ಲಿ ಕಪ್ ಡೆವಿಲ್ಸ್‌ಗೆ, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸ್ಟೀವನ್ಸ್‌ಗೆ. ತಲೆಗೆ ಅಂಥ ಗುದ್ದು ಈಗ ನಿಯಮಕ್ಕೇ ವಿರುದ್ಧ, ಅದು ಬೇರೆ ಮಾತು.

ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ನಿಕ್ಲಾಸ್ ಲಿಡ್‌ಸ್ಟ್ರಾಮ್ ಗುದ್ದುತ್ತಿದ್ದದ್ದೇ ಅಪರೂಪ. ಸ್ಟಿಕ್ ಇಟ್ಟ ಜಾಗಕ್ಕೇ ಪಕ್ ಬರುತ್ತಿತ್ತೇನೋ ಅನ್ನಿಸುತ್ತಿತ್ತು. 20 ಸೀಸನ್, 1,564 ಪಂದ್ಯ, ಬರೀ 514 ಪೆನಾಲ್ಟಿ ನಿಮಿಷ (ತಪ್ಪಾಟಕ್ಕೆ ಶಿಕ್ಷೆಯಾಗಿ ಕೊಟ್ಟ ನಿಮಿಷಗಳು). ಸ್ಟೀವನ್ಸ್ ಅವರದು 2,785! ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಲಿಡ್‌ಸ್ಟ್ರಾಮ್‌ಗೆ 7 ಸಲ. ಸ್ಟೀವನ್ಸ್‌ಗೆ ಒಮ್ಮೆಯೂ ಇಲ್ಲ.

ಶಿಕ್ಷೆಯಾಗಿ ಅಂಕಣದ ಹೊರಗಿನ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತವರು ಗೋಲು ತಡೆಯೋಕೆ ಆಗಲ್ಲ, ಅಲ್ವಾ? ನನ್ನ ಓಟು ಲಿಡ್‌ಸ್ಟ್ರಾಮ್‌ಗೆ. ಎದುರಾಳಿಗಳ ನಿದ್ದೆ ಕೆಡಿಸಲೇಬೇಕು ಅಂದರೆ ಮಾತ್ರ ಸ್ಟೀವನ್ಸ್.