ಮಿರರ್ ಬ್ಯಾಕಪ್ ನಂಬಿ ಕುಳಿತವರಿಗೆ ಒಂದು ಎಚ್ಚರಿಕೆ

ಮನೆಯ ಕಂಪ್ಯೂಟರಿಗೆ ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಿ, ರಾತ್ರಿ ತಾನಾಗಿಯೇ ಬ್ಯಾಕಪ್ ಆಗುವಂತೆ ಮಾಡಿಟ್ಟಿದ್ದೀರಾ? ದಯವಿಟ್ಟು ಆ ತಂತ್ರಾಂಶದ ಸೆಟ್ಟಿಂಗ್ ಒಮ್ಮೆ ತೆರೆದು ನೋಡಿ. ಅಲ್ಲಿ ‘ಮಿರರ್’ ಅಥವಾ ‘ಸಿಂಕ್’ ಎಂದಿದ್ದರೆ, ಮೂಲ ಡಿಸ್ಕಿನಲ್ಲಿ ಅಳಿದದ್ದೆಲ್ಲ ಎರಡನೆಯದರಲ್ಲೂ ಅಳಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು.

ಕಂಪ್ಯೂಟರಿನ ಹಳೆಯ ಡಿಸ್ಕ್ ಕೆಲವು ದಿನಗಳಿಂದ ನಿಧಾನವಾಗಿತ್ತು. ಒಂದು ಸಂಜೆ ಅದು ಇದ್ದಕ್ಕಿದ್ದಂತೆ ನಿಂತು ಮತ್ತೆ ಆರಂಭವಾಗುವಾಗ ಡಿಸ್ಕ್ ತಪಾಸಣೆ ತಾನಾಗಿಯೇ ಶುರುವಾಯಿತು. ಬಹಳ ಹೊತ್ತು ನಡೆದು ಮುಗಿಯಿತು, ಕಂಪ್ಯೂಟರ್ ಎಂದಿನಂತೆ ತೆರೆದುಕೊಂಡಿತು. ಮರುದಿನ ನೋಡಿದರೆ ಫೋಟೊಗಳ ಫೋಲ್ಡರ್ ಪೂರ್ತಿ ಕಾಣೆ. ಮಕ್ಕಳ ಬಾಲ್ಯದ ಚಿತ್ರಗಳು, ಅಜ್ಜಿಯ ಧ್ವನಿಮುದ್ರಣ, ಎಲ್ಲವೂ ಅದರಲ್ಲಿದ್ದವು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಲ್ಲಿ ಹೊರಗಿನ ಡಿಸ್ಕ್ ತೆರೆದರೆ ಅಲ್ಲಿಯೂ ಆ ಫೋಲ್ಡರ್ ಇರಲಿಲ್ಲ. ತಂತ್ರಾಂಶದ ಪರದೆಯ ಮೇಲೆ ಮಾತ್ರ ‘ಯಶಸ್ವಿಯಾಗಿ ಪೂರ್ಣಗೊಂಡಿದೆ’ ಎಂಬ ಹಸಿರು ಗುರುತು.

ನಡೆದದ್ದು ಇಷ್ಟು. ಡಿಸ್ಕಿನ ಕೆಲವು ಸೆಕ್ಟರ್‌ಗಳು, ಅಂದರೆ ಮಾಹಿತಿ ಬರೆದಿಡುವ ಚಿಕ್ಕ ಚಿಕ್ಕ ಭಾಗಗಳು, ಕೆಟ್ಟು, ಆ ಫೋಲ್ಡರಿನ ದಾಖಲೆ ಹಾಳಾಗಿತ್ತು. ಆರಂಭದಲ್ಲಿ ನಡೆದ ಆ ತಪಾಸಣೆ, ಅಂದರೆ ವಿಂಡೋಸ್‌ನ ಚೆಕ್‌ಡಿಸ್ಕ್, ಇರುವುದು ಕಡತ ವ್ಯವಸ್ಥೆಯನ್ನು, ಎಂದರೆ ಯಾವ ಫೈಲ್ ಎಲ್ಲಿದೆ ಎಂಬ ಡಿಸ್ಕಿನ ಲೆಕ್ಕವನ್ನು, ಒಂದು ಒಪ್ಪಕ್ಕೆ ತರಲು. ಓದಲಾಗದ ದಾಖಲೆಯನ್ನು ಅದು ಕಿತ್ತುಹಾಕುತ್ತದೆ, ಸಿಕ್ಕ ಚೂರುಗಳನ್ನು ‘ಫೌಂಡ್.000’ ಎಂಬ ಮರೆಯಾಗಿರುವ ಫೋಲ್ಡರಿಗೆ ತುಂಬುತ್ತದೆ. ಅದೇ ರಾತ್ರಿ ಬ್ಯಾಕಪ್ ತಂತ್ರಾಂಶ ಎರಡು ಡಿಸ್ಕ್‌ಗಳನ್ನು ಹೋಲಿಸಿತು, ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದಲೂ ತೆಗೆದುಹಾಕಿತು. ಅದು ಹೊರಗಿನ ಡಿಸ್ಕಿನ ಜೊತೆಗೇ ಬಂದ ತಂತ್ರಾಂಶ. ಮಿರರ್ ಅದರ ಪೂರ್ವನಿಗದಿತ ಆಯ್ಕೆ. ಅಳಿಸುವ ಮುನ್ನ ಒಂದು ಮಾತು ಕೇಳುವುದಿಲ್ಲ, ಸಾವಿರಾರು ಫೈಲ್‌ಗಳು ಒಮ್ಮೆಲೇ ಮಾಯವಾದರೂ ಅನುಮಾನಪಡುವುದಿಲ್ಲ. ಇಂಥದ್ದನ್ನು ‘ಬ್ಯಾಕಪ್’ ಎಂಬ ಹೆಸರಿನಲ್ಲಿ ಮಾರುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಮರುಪಡೆಯುವ ತಂತ್ರಾಂಶದಿಂದ ಹೊರಗಿನ ಡಿಸ್ಕನ್ನು ಜಾಲಾಡಿಸಿದೆವು. ಫೋಟೊಗಳಲ್ಲಿ ಒಂದು ಪಾಲು ಸಿಕ್ಕಿತು. ಹೆಸರಿಲ್ಲ, ಫೋಲ್ಡರಿಲ್ಲ, ಯಾವ ವರ್ಷದ್ದೆಂಬ ಕ್ರಮವಿಲ್ಲ. ಅಳಿಸಿದ ಜಾಗದ ಮೇಲೆ ಅದೇ ರಾತ್ರಿ ಬೇರೆ ಫೈಲ್‌ಗಳು ಬರೆಯಲ್ಪಟ್ಟಿದ್ದರಿಂದ ಉಳಿದವು ಹೋದವು. ಅಜ್ಜಿಯ ದನಿ ಸಿಗಲಿಲ್ಲ. ಹೊರಗಿನದು ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಬರೆದಿಡುವ ಎಸ್‌ಎಸ್‌ಡಿ ಆಗಿದ್ದರೆ ಇಷ್ಟೂ ದಕ್ಕುತ್ತಿತ್ತೋ ಇಲ್ಲವೋ. ಅಳಿಸಿದ ಜಾಗ ಇನ್ನು ಬೇಡವೆಂದು ಅಂಥ ಡಿಸ್ಕಿಗೆ ತಿಳಿಸುವ ಟ್ರಿಮ್ ಸೌಲಭ್ಯ ಚಾಲನೆಯಲ್ಲಿದ್ದರೆ ಅಳಿಸಿದ್ದನ್ನು ಮರಳಿ ಪಡೆಯುವುದು ಬಹುತೇಕ ಅಸಾಧ್ಯ.

ಆದ್ದರಿಂದ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ವಿಧಾನವನ್ನೇ ಆರಿಸಿ. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ 2007ರಿಂದ ಇರುವ ಟೈಮ್ ಮಷೀನ್ ಇದೇ ಕೆಲಸಕ್ಕಾಗಿ ಇವೆ. ಟೈಮ್ ಮಷೀನ್ ಕಳೆದ 24 ಗಂಟೆಗಳ ಪ್ರತಿ ಗಂಟೆಯ, ಕಳೆದ ತಿಂಗಳ ಪ್ರತಿ ದಿನದ, ಅದಕ್ಕೂ ಹಿಂದಿನ ಪ್ರತಿ ವಾರದ ಪ್ರತಿಯನ್ನು ಜಾಗವಿರುವವರೆಗೆ ಇಟ್ಟುಕೊಳ್ಳುತ್ತದೆ. ಇಂದು ಏನೇ ಮಾಯವಾದರೂ ಹೋದ ವಾರದ ಪ್ರತಿ ಕೈಯಲ್ಲಿರುತ್ತದೆ. ಇನ್ನೊಂದು ಡಿಸ್ಕನ್ನು ಕೇಬಲ್ ಕಿತ್ತು, ಸಾಧ್ಯವಾದರೆ ಬೇರೆ ಮನೆಯಲ್ಲೇ ಇಡಿ. ಸದಾ ಜೋಡಿಸಿಟ್ಟ ಡಿಸ್ಕನ್ನು, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶವಾದ ರ‍್ಯಾನ್ಸಮ್‌ವೇರ್ ಕೂಡ ಬಿಡುವುದಿಲ್ಲ.

ಕಂಪ್ಯೂಟರ್ ತೊಡಕುಗೊಂಡರೆ, ಟಿಕ್ ಟಿಕ್ ಸದ್ದು ಬಂದರೆ, ಫೋಲ್ಡರ್ ತೆರೆಯಲು ತಡವಾದರೆ, ಎಲ್ಲಕ್ಕಿಂತ ಮೊದಲು ಬ್ಯಾಕಪ್ ಡಿಸ್ಕಿನ ಕೇಬಲ್ ತೆಗೆಯಿರಿ. ಆಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ‘ಸ್ಮಾರ್ಟ್’ ವರದಿ ನೋಡಿ. ಅದರಲ್ಲಿ 5, 197, 198 ಎಂಬ ಗುರುತುಸಂಖ್ಯೆಯ ಸಾಲುಗಳು ಕೆಟ್ಟ ಸೆಕ್ಟರ್‌ಗಳ ಲೆಕ್ಕ ಹೇಳುತ್ತವೆ. ಆ ಅಂಕಿ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಆಗ ಚೆಕ್‌ಡಿಸ್ಕ್ ನಡೆಸಲೇಬೇಡಿ, ಆರಂಭದಲ್ಲಿ ತಾನಾಗಿ ಶುರುವಾದರೆ ಕೀಲಿ ಒತ್ತಿ ರದ್ದುಮಾಡಿ. ಮೊದಲು ಡಿಡಿರೆಸ್ಕ್ಯೂನಂಥ ಸಾಧನದಿಂದ ಇಡೀ ಡಿಸ್ಕನ್ನು ಮತ್ತೊಂದಕ್ಕೆ ನಕಲು ಮಾಡಿ, ದುರಸ್ತಿ ಏನಿದ್ದರೂ ಆ ನಕಲಿನ ಮೇಲೆ ನಡೆಯಲಿ.

ನಿಮ್ಮ ತಂತ್ರಾಂಶ ಯಾವ ಬಗೆಯದೆಂದು ಸೆಟ್ಟಿಂಗ್ ನೋಡಿಯೂ ತಿಳಿಯದಿದ್ದರೆ ಹೀಗೆ ಪರೀಕ್ಷಿಸಿ. ಬೇಡದ ಒಂದು ಫೈಲ್ ಸೃಷ್ಟಿಸಿ, ಬ್ಯಾಕಪ್ ಆಗಲು ಬಿಡಿ. ನಂತರ ಅದನ್ನು ಕಂಪ್ಯೂಟರಿನಿಂದ ಅಳಿಸಿ, ಮತ್ತೊಮ್ಮೆ ಬ್ಯಾಕಪ್ ನಡೆಯಲಿ. ಈಗ ಅದನ್ನು ಬ್ಯಾಕಪ್‌ನಿಂದ ಮರಳಿ ತರಲು ನೋಡಿ. ಬರದಿದ್ದರೆ ನಿಮ್ಮದೂ ಮಿರರ್. ಇಂದು ರಾತ್ರಿಯ ಸರದಿ ಬರುವ ಮೊದಲೇ ಅದನ್ನು ನಿಲ್ಲಿಸಿಬಿಡಿ.