ಪ್ಲಾಸ್ಟಿಕ್ ಫೈಬರ್ ಪ್ರಯೋಗದ ಕಿಟ್: ಮೂರು ಮಳೆಗಾಲ ಬಳಸಿದ ಮೇಲೆ

ದಕ್ಷಿಣ ಕೊಡಗಿನ ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಕ್ಕೆ ತರಿಸಿದ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ (ಬೆಳಕನ್ನು ಒಳಗೇ ಸಾಗಿಸುವ ಎಳೆ) ಕಿಟ್ಟಿಗೆ ಈಗ ಮೂರು ಮಳೆಗಾಲ ಕಳೆದಿದೆ. ಇಂಥದ್ದೇ ಕಿಟ್ ಕೊಳ್ಳಲು ಯೋಚಿಸುತ್ತಿರುವ ಅಧ್ಯಾಪಕರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಎಲ್‌ಇಡಿ, ಕಣ್ಣಿಗೆ ಕಾಣದ 950 ನ್ಯಾನೋಮೀಟರಿನ ಅವಕೆಂಪು ಎಲ್‌ಇಡಿ, ಬೆಳಕನ್ನು ಅಳೆಯುವ ಡಿಟೆಕ್ಟರ್ ಮತ್ತು 1 ಹಾಗೂ 5 ಮೀಟರ್ ಉದ್ದದ ಎರಡು ಕೇಬಲ್‌ಗಳಿವೆ. ಕೇಬಲ್ಲಿನೊಳಗಿನ ಎಳೆ ಅಕ್ರಿಲಿಕ್, ಅಂದರೆ ಪಿಎಂಎಂಎ. 1 ಮಿಲಿಮೀಟರ್ ದಪ್ಪದ ಆ ಎಳೆಯಲ್ಲಿ 980 ಮೈಕ್ರೋಮೀಟರಿನಷ್ಟು ತಿರುಳೇ ಇರುವುದರಿಂದ, ಗಾಜಿನ ಫೈಬರಿಗೆ ಬೇಕಾಗುವ ದುಬಾರಿ ಉಪಕರಣಗಳಿಲ್ಲದೆ, ಬ್ಲೇಡಿನಿಂದ ಕತ್ತರಿಸಿ ನುಣುಪಾದ ಉಪ್ಪುಕಾಗದದ ಮೇಲೆ ತಿಕ್ಕಿ ವಿದ್ಯಾರ್ಥಿಗಳೇ ತುದಿಯನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಸುಮಾರು 30 ಡಿಗ್ರಿ ಓರೆಯಾಗಿ ಬಂದ ಬೆಳಕನ್ನೂ ಅದು ಒಳಗೆಳೆದುಕೊಳ್ಳುವ ಕಾರಣ ಜೋಡಣೆಯಲ್ಲಿ ಅಲ್ಪಸ್ವಲ್ಪ ತಪ್ಪಿದರೂ ಪ್ರಯೋಗ ಕೆಡುವುದಿಲ್ಲ.

ಈ ಕಿಟ್ಟಿನ ಅತ್ಯುತ್ತಮ ಪ್ರಯೋಗವೆಂದರೆ ಎರಡು ಎಲ್‌ಇಡಿಗಳ ಹೋಲಿಕೆ. ಕೆಂಪು ಬೆಳಕು 5 ಮೀಟರ್ ಕೇಬಲ್ಲಿನ ಆಚೆ ತುದಿಗೆ ಚೆನ್ನಾಗಿಯೇ ತಲುಪುತ್ತದೆ. 950ರದ್ದು ಅದೇ ಕೇಬಲ್ಲಿನಲ್ಲಿ ಬಹುಪಾಲು ನಷ್ಟವಾಗುತ್ತದೆ. ಪ್ಲಾಸ್ಟಿಕ್ಕಿನ ಇಂಗಾಲ ಮತ್ತು ಜಲಜನಕದ ಬಂಧಗಳ ಕಂಪನವು ಅವಕೆಂಪು ಬೆಳಕನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಈ ನಷ್ಟವನ್ನು ಅಳತೆಯ ಮೀಟರಿನ ಅಂಕಿಯಲ್ಲೇ ತೋರಿಸಬಹುದು.

ಕಿಟ್ಟಿನ ಕೈಪಿಡಿಯಾದರೋ ಫೈಬರ್ ಎಂದರೆ ದೂರದೂರಿಗೆ ದೂರವಾಣಿ ಸಂಪರ್ಕ ಎನ್ನುವಲ್ಲಿಗೆ ನಿಂತುಬಿಡುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೆಯೇ ಬೆಳಕನ್ನು ಸಾಗಿಸುವ ಸಣ್ಣ ಪ್ಲಾಸ್ಟಿಕ್ ಗೆರೆಗಳನ್ನು, ಅಂದರೆ ಪಾಲಿಮರ್ ವೇವ್‌ಗೈಡ್‌ಗಳನ್ನು ರೂಪಿಸಿ, ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಬೆಳಕಿನಲ್ಲೇ ಸಂಕೇತ ಕಳುಹಿಸುವ ವಿಷಯ ಅದರಲ್ಲಿ ಒಂದು ಸಾಲೂ ಇಲ್ಲ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ವೇಗ ಸೆಕೆಂಡಿಗೆ ಹತ್ತಾರು ಗಿಗಾಬಿಟ್ ಮುಟ್ಟಿದಾಗ ಬೋರ್ಡಿನ ತಾಮ್ರದ ಗೆರೆಯಲ್ಲಿ ವಿದ್ಯುತ್ತು ಮೇಲ್ಪದರಕ್ಕೆ ಸೀಮಿತವಾಗುತ್ತದೆ, ಕೆಳಗಿನ ಗ್ಲಾಸ್ ಎಪಾಕ್ಸಿ ಹಲಗೆ ಸಂಕೇತದ ಶಕ್ತಿಯನ್ನು ನುಂಗುತ್ತದೆ, ಪಕ್ಕದ ಗೆರೆಗಳು ಒಂದರ ಸಂಕೇತವನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಸುಮಾರು 50 ಮೈಕ್ರೋಮೀಟರ್ ಅಗಲದ ಪಾಲಿಮರ್ ಗೆರೆಗಳಿಗೆ ಈ ತೊಡಕುಗಳಿಲ್ಲ. ಒಂದೇ ಪದರದಲ್ಲಿ ಅವು ಪರಸ್ಪರ ಅಡ್ಡ ಹಾಯ್ದರೂ ಬೆಳಕು ತನ್ನ ದಾರಿ ಹಿಡಿದು ಹೋಗುತ್ತದೆ. ಅಲ್ಲಿ ಬಳಸುವ 850 ನ್ಯಾನೋಮೀಟರ್ ಬೆಳಕಿಗೆ ಸೆಂಟಿಮೀಟರಿಗೆ 0.05 ಡೆಸಿಬಲ್ ನಷ್ಟವೆಂದು ಹಿಡಿದರೂ ಅರ್ಧ ಮೀಟರಿಗೆ ಆಗುವುದು ಎರಡೂವರೆ ಡೆಸಿಬಲ್, ಅಂದರೆ ಬೆಳಕಿನ ಅರ್ಧಕ್ಕಿಂತ ತುಸು ಕಡಿಮೆ ಪಾಲು. ಊರಿಂದೂರಿಗೆ ಹೋಗುವ ಫೈಬರಿಗೆ ಇದು ಒಪ್ಪಲಾಗದ ನಷ್ಟ, ಬೋರ್ಡಿಗೆ ಸಹ್ಯ.

ಈ ಕೊರತೆಯನ್ನು ನಾವು ಗೋಣಿಕೊಪ್ಪಲಿನಲ್ಲಿ ನಾಮಫಲಕ ಮಾಡುವ ಅಂಗಡಿಯಿಂದ ತಂದ ಅಕ್ರಿಲಿಕ್ ತುಂಡಿನಿಂದ ತುಂಬಿಕೊಂಡೆವು. ಕೇಬಲ್ಲಿನದೇ ವಸ್ತು ಅದು. ಪಟ್ಟಿಯ ಒಂದು ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಹೊಳಪು ಕೊಟ್ಟು, ಇನ್ನೊಂದು ತುದಿಯಿಂದ ಲೇಸರ್ ಬೆಳಕನ್ನು ನೇರವಾಗಿ ಹಾಯಿಸಿದರೆ, ಅಕ್ರಿಲಿಕ್ಕಿನ ಸಂದಿಗ್ಧ ಕೋನ (ಅದನ್ನು ಮೀರಿ ಓರೆಯಾಗಿ ಬಿದ್ದ ಬೆಳಕು ಹೊರಹೋಗದೆ ಪೂರ್ತಿ ಒಳಗೇ ಮರಳುವ ಕೋನ) ಸುಮಾರು 42 ಡಿಗ್ರಿಯಷ್ಟೇ ಆಗಿರುವುದರಿಂದ ಆ ಓರೆಮುಖವೇ ಕನ್ನಡಿಯಾಗಿ ಬೆಳಕು ನೆಟ್ಟಗೆ ಮೇಲಕ್ಕೆ ತಿರುಗುತ್ತದೆ. ಬೋರ್ಡಿನ ವೇವ್‌ಗೈಡಿನಿಂದ ಮೇಲಿನ ಡಿಟೆಕ್ಟರಿಗೆ ಬೆಳಕು ಏರಿಸುವ ಒಂದು ಮುಖ್ಯ ವಿಧಾನ ಇದೇ. ಛಾವಣಿಯ ಮೇಲೆ ಆ ಕೆಂಪು ಚುಕ್ಕೆ ಮೂಡಿದ ದಿನ ತರಗತಿಯಲ್ಲಿ ಎದ್ದ ಸಂತೋಷ ನನಗೆ ಇನ್ನೂ ನೆನಪಿದೆ. ಆದರೆ ಮಾಮೂಲಿ ಅಕ್ರಿಲಿಕ್ 100 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಮೆದುವಾಗುತ್ತದೆ, ಬೋರ್ಡಿನ ಬೆಸುಗೆ ಕುಲುಮೆಯ ಶಾಖ 260 ಡಿಗ್ರಿಯ ಹತ್ತಿರ ಹೋಗುತ್ತದೆ. ಹಾಗಾಗಿ ನಿಜವಾದ ಬೋರ್ಡುಗಳಿಗೆ ಸಿಲಾಕ್ಸೇನ್‌ನಂತಹ ಶಾಖ ತಾಳುವ ಪಾಲಿಮರ್‌ಗಳು ಬೇಕು ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಇನ್ನು ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಲ್ಬ್ ಉರಿಸಿಟ್ಟ ಕಪಾಟಿನಲ್ಲೇ ಕಿಟ್ಟನ್ನು ಇಟ್ಟರೂ, ಎರಡನೆಯ ಮಳೆಗಾಲದಲ್ಲಿ ಅಳತೆಗಳು ಏರುಪೇರಾಗತೊಡಗಿದವು. ಫೈಬರೇ ಕೆಟ್ಟಿತೆಂದು ಎಲ್ಲರೂ ಭಾವಿಸಿದ್ದೆವು. ನೋಡಿದರೆ ಫೈಬರ್ ಸರಿಯಾಗಿತ್ತು, ತಂತಿ ಸಿಕ್ಕಿಸುವ ಲೋಹದ ಸಾಕೆಟ್ಟುಗಳು ಹಸಿರುಗಟ್ಟಿದ್ದವು. ತಯಾರಕರು ರಿಪೇರಿಗೆ ಯಾರನ್ನೂ ಕಳುಹಿಸದೆ ಕಿಟ್ಟನ್ನೇ ಬೆಂಗಳೂರಿಗೆ ಕಳುಹಿಸಿ ಎಂದರು. ಸೆಮಿಸ್ಟರ್ ನಡುವೆ ಅದು ಆಗದ ಮಾತಾದ್ದರಿಂದ ಮೈಸೂರಿನಿಂದ ಸಾಕೆಟ್ ತರಿಸಿ ನಾವೇ ಬೆಸೆದೆವು.

ಇಷ್ಟಾದರೂ ಕಿಟ್ಟನ್ನು ಕೊಳ್ಳಿ ಎಂದೇ ಹೇಳುತ್ತೇನೆ. ಮಳೆನಾಡಿನವರು ಆರ್ಡರ್ ಕೊಡುವಾಗಲೇ ಒಂದು ಜೊತೆ ಹೆಚ್ಚುವರಿ ಸಾಕೆಟ್ ಕೇಳಿ ಪಡೆಯಬೇಕು, ಕೇಬಲ್ ತುದಿಯನ್ನು ಅಸಿಟೋನಿನಿಂದ ಎಂದಿಗೂ ಒರೆಸಬಾರದು, ಅಕ್ರಿಲಿಕ್ ಕರಗಿಹೋಗುತ್ತದೆ.