ದೋಣಿಗೆ ಯಾವುದು: ಜೆಮಿನಿಯೋ, ಡ್ಯಾಟ್-ಎಸ್‌ಜಿಯೋ?

ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟ ದೋಣಿಯಲ್ಲಿ ಮೊಬೈಲ್ ಸಿಗ್ನಲ್ ಬೇಗನೆ ಕೈಕೊಡುತ್ತದೆ. ಆಮೇಲೆ ಉಪಗ್ರಹವೇ ಗತಿ. 2019ರಲ್ಲಿ ಬಂದ ಜೆಮಿನಿ ಎಂಬ ಸಾಧನ, ಭಾರತದ ಗಗನ್ ಉಪಗ್ರಹ ವ್ಯವಸ್ಥೆಯ ಮೂಲಕ ಚಂಡಮಾರುತ, ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಮೀನು ಸಿಗುವ ಜಾಗದ ಮಾಹಿತಿಯನ್ನೂ ಮೊಬೈಲಿಗೆ ತಲುಪಿಸುತ್ತದೆ. ಆದರೆ ದೋಣಿಯಿಂದ ದಡಕ್ಕೆ ಅದರಲ್ಲಿ ಒಂದು ಮಾತೂ ಹೋಗದು.

ಅಪಾಯದಲ್ಲಿ ದೋಣಿಯಿಂದ ದಡಕ್ಕೆ ಸಹಾಯದ ಕೂಗು ಮುಟ್ಟಿಸಲೆಂದೇ ಇರುವ ಸಾಧನ ಇಸ್ರೋದ ಡ್ಯಾಟ್. ಗುಂಡಿ ಒತ್ತಿದರೆ, ದೋಣಿ ಇರುವ ಜಾಗದ ಸಮೇತ ಸಂದೇಶವು ಉಪಗ್ರಹದ ಮೂಲಕ ನಿಯಂತ್ರಣ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಕರಾವಳಿ ಕಾವಲು ಪಡೆಯನ್ನು ಸೇರುತ್ತದೆ. ಮೊದಲ ಮಾದರಿಯಲ್ಲಿ ಕರೆ ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ; 2024ರ ಎರಡನೇ ಪೀಳಿಗೆಯ ಡ್ಯಾಟ್-ಎಸ್‌ಜಿಯಲ್ಲಿ ಮುಟ್ಟಿತೆಂಬ ಮರುಸಂದೇಶ ಬರುತ್ತದೆ. ನೀರು ನುಗ್ಗುತ್ತಿರುವ ದೋಣಿಯಲ್ಲಿ ಕುಳಿತವರಿಗೆ ಅದು ಎಷ್ಟು ದೊಡ್ಡ ಧೈರ್ಯ! ಹವಾಮಾನದ ಎಚ್ಚರಿಕೆಯೂ ಇದರಲ್ಲೇ ಸಿಗುತ್ತದೆ. ಒಂದನ್ನೇ ಕೊಳ್ಳುವುದಾದರೆ ನನ್ನ ಆಯ್ಕೆ ಇದೇ. ಕೊಳ್ಳುವಾಗ ಹಳೆಯ ಮಾದರಿಯಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.